ಮೆಟ್ಟಿಲು ಹತ್ತಲು ತೊಂದರೆ ಇಲ್ಲ

ಆಸ್ಪತ್ರೆ ಕ್ವಾರ್ಟರ್ಸ್
ಮಂಗಳವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಾತ್ರೆ ದಿನಾ ನುಂಗುತ್ತಿದ್ದೀಯಾ, ಇಲ್ಲ ಅತ್ತೆ ನೋಡುವಾಗ ಮಾತ್ರವಾ? ನಾವು ಚೆನ್ನಾಗಿದ್ದೇವೆ. ನಿನ್ನ ಅಳಿಯನ ಕೆಮ್ಮು ಕಡಿಮೆಯಾಗಿದೆ. ನೀನು ಹೊಲಿದು ಕಳಿಸಿದ ಫ್ರಾಕನ್ನು ಮೊಮ್ಮಗಳು ಒಗೆಯಲೂ ಬಿಡುತ್ತಿಲ್ಲ. ಫೋನಿನಲ್ಲಿ ನಿನ್ನ ಆರೋಗ್ಯದ ವಿಷಯ ಎತ್ತಿದರೆ "ಸರಿಯಾಗಿ ಕೇಳಿಸ್ತಿಲ್ಲ ಕಣಮ್ಮಾ" ಎಂದು ನಿನ್ನ ತಂಗಿಯ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರದ ನಿನ್ನ ಕಾಗದ ಓದಿ ಮೊದಲು ನಗು ಬಂತು. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆದವನು ತಪಾಸಣೆಗೆ ಹೋಗಿಬಂದು, "ಡಾಕ್ಟ್ರು ಲೆಕ್ಕ ಹಾಕಿದ್ರು, ಅಪಾಯ ಕಡಿಮೆ ಬಂತು, ಮುಂದಿನ ವರ್ಷ ಬನ್ನಿ ಅಂದ್ರು" ಎಂದು ಬಹುಮಾನ ಬಂದವನ ಹಾಗೆ ಬರೆದಿದ್ದೀಯ. ಹೃದ್ರೋಗ ವಾರ್ಡಿನ ನರ್ಸಾದ ನನಗೆ ಆ ಲೆಕ್ಕವೇ ದಿನದ ಕೆಲಸ ಎಂಬುದು ಮರೆತೇಹೋಯಿತೇ? ವಯಸ್ಸು, ಬಿಪಿ, ಸಕ್ಕರೆ, ಉಸಿರಾಟ, ಕಾಲಿನ ಬಾವು, ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಕೂಡಿದರೆ, ಇಂಥ ನೂರು ಜನರಲ್ಲಿ ಎಷ್ಟು ಮಂದಿ ವರ್ಷದೊಳಗೆ ಮತ್ತೆ ಆಸ್ಪತ್ರೆ ಸೇರುತ್ತಾರೆ, ಎಷ್ಟು ಮಂದಿ ಹೋಗಿಬಿಡುತ್ತಾರೆ ಎಂಬ ಅಂದಾಜು ಸಿಗುತ್ತದೆ. ಯಾರ್‍ಯಾರು ಎಂದು ಮಾತ್ರ ಸಿಗುವುದಿಲ್ಲ. "ಹಾಗಾದ್ರೆ ನಾನು ಉಳಿಯೋರ ಪೈಕಿ" ಎನ್ನುತ್ತೀಯ, ಗೊತ್ತು. ಇಲ್ಲಿಗೆ ಬರುವವರೆಲ್ಲ ಅದನ್ನೇ ಹೇಳುತ್ತಾರೆ ಮಹರಾಯ.

ನಮ್ಮ ವಾರ್ಡಿನಲ್ಲಿ ಒಂದು ರೂಢಿ ಇದೆ. ಮಂಚದ ಬಳಿ ರೋಗಿಯನ್ನು ಕೇಳಿದ ಪ್ರಶ್ನೆಯನ್ನೇ ಬಾಗಿಲ ಹೊರಗೆ ಮನೆಯವರನ್ನೂ ಕೇಳುತ್ತೇವೆ. ಎರಡು ಉತ್ತರ ಹೊಂದುವುದು ಅಪರೂಪ. ಮೊನ್ನೆ ಒಬ್ಬ ಲಾರಿ ಡ್ರೈವರ್, ನಿನ್ನದೇ ವಯಸ್ಸು, ಒಳ್ಳೆ ನಿದ್ದೆ ಬರುತ್ತದೆ ಎಂದರು. ಹೊರಗೆ ಅವರ ಹೆಂಡತಿ, "ಬರುತ್ತೆ, ಕುರ್ಚೀಲಿ ಕೂತ್ಕೊಂಡೇ" ಎಂದರು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಅದನ್ನು ಸೇರಿಸಿದ್ದೇ ಅವರ ಲೆಕ್ಕವೇ ಬದಲಾಯಿತು. ನನಗೆ ನಿನ್ನ ನೆನಪಾಗಿ, ಸಂಜೆ ಅತ್ತೆಗೆ ಫೋನ್ ಮಾಡಿದೆ.

ಅವಳನ್ನು ಬೈಯಬೇಡ, ಬಾಯಿ ಬಿಡಿಸಿದವಳು ನಾನು. ಮೆಟ್ಟಿಲು ಹತ್ತಲು ತೊಂದರೆಯೇ ಎಂದು ಡಾಕ್ಟರು ಕೇಳಿದಾಗ "ಏನೂ ತೊಂದರೆ ಇಲ್ಲ" ಎಂದೆಯಂತೆ, ಮನೆಗೆ ಬಂದು ಅವಳ ಮುಂದೆ ನೀನೇ ಹೇಳಿಕೊಂಡೆಯಂತೆ. ಸುಳ್ಳಲ್ಲ ಬಿಡು. ಹಾಸಿಗೆ, ಹೊದಿಕೆ, ಟ್ರಂಕು ಎಲ್ಲವನ್ನೂ ಮಹಡಿಯ ಮನೆಯಿಂದ ಕೆಳಗೆ ಹೊಲಿಗೆ ಅಂಗಡಿಗೇ ಇಳಿಸಿಕೊಂಡು, ತಿಂಗಳುಗಟ್ಟಲೆ ಮೆಟ್ಟಿಲ ಕಡೆ ಮುಖವನ್ನೇ ಹಾಕದವನಿಗೆ ತೊಂದರೆ ಎಲ್ಲಿಂದ ಬರಬೇಕು? ನನಗೆ "ಕೆಳಗೆ ಗಾಳಿ ಬೆಳಕು ಚೆನ್ನಾಗಿದೆ" ಎಂದು ಬರೆದಿದ್ದೆ. ಚಪ್ಪಲಿ ಬಿಗಿಯಾಗುತ್ತದೆಂದು ಪಟ್ಟಿ ಕತ್ತರಿಸಿ ಎಲಾಸ್ಟಿಕ್ ಬೇರೆ ಹೊಲಿದುಕೊಂಡಿದ್ದೀಯಂತೆ. ದರ್ಜಿಯ ಬುದ್ಧಿಯನ್ನು ಖರ್ಚು ಮಾಡುವುದು ಇದಕ್ಕೇನು? ಡಾಕ್ಟರ ಮುಂದೆ ಕಾಲುಚೀಲವನ್ನೂ ಬಿಚ್ಚಲಿಲ್ಲವಂತೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಡಾಕ್ಟರು ನಿನ್ನ ಮಾತನ್ನು ನಂಬಿದರು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಅದೇ ಡಾಕ್ಟರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅತ್ತೆಯೂ ಒಳಗೇ ಕೂರಬೇಕು. ಔಷಧಿ ಬದಲಿಸಿ ಚೇತರಿಸಿಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತೆಗೆ ನಮಸ್ಕಾರ ಹೇಳು. ಮೊಮ್ಮಗಳು ತಾತನಿಗೆ ಮುತ್ತು ಕಳಿಸಿದ್ದಾಳೆ.

ನಿನ್ನ ತಲೆ ತಿನ್ನುವ
ಮಗಳು

ತಾ.ಕ.: ಅತ್ತೆ ಹೇಳಿದ್ದನ್ನೆಲ್ಲ ಸೇರಿಸಿ ನಿನ್ನ ಲೆಕ್ಕವನ್ನು ನಾನೇ ಹಾಕಿದೆ. ದಿನಾ ಗುರುತಿಲ್ಲದವರಿಗೆಲ್ಲ ಆ ಸಂಖ್ಯೆ ಹೇಳುತ್ತೇನೆ, ನಿನ್ನದನ್ನು ಬರೆಯಲು ಕೈ ಬರಲಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಅಷ್ಟು ಪುರುಸೊತ್ತಿಲ್ಲ. ರಜೆ ಹಾಕಿದ್ದೇನೆ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಓದಿ ಆಗಿದ್ದರೆ ಏಳಪ್ಪಾ, ಗಾಡಿ ಹೊರಗೇ ನಿಂತಿದೆ.