ಅಳಿಸಿದ ಮಾತು

೧೪ ಜುಲೈ, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಉತ್ತರ ಬರೆಯುವುದು ತಡವಾಯಿತು, ಎಷ್ಟು ಬೇಕಾದರೂ ಬೈದುಕೋ. ಮನೆಯ ಕಂಪ್ಯೂಟರ್ ನನ್ನ ತಲೆ ತಿಂದುಹಾಕಿತು.

ಗಂಟಲಿನ ಆಪರೇಷನ್ ಆದಮೇಲೆ ನಿನ್ನ ಭಾವನಿಗೆ ದನಿಯೇ ಹೋಯಿತಲ್ಲ, ಅವರಿಗಾಗಿ ನಾನೇ ಒಂದು ಪ್ರೋಗ್ರಾಂ ಬರೆದೆ. ಅವರು ಟೈಪ್ ಮಾಡಿ ಗುಂಡಿ ಒತ್ತಿದರೆ, ಮೊದಲೇ ರೆಕಾರ್ಡ್ ಮಾಡಿಟ್ಟ ಅವರದೇ ದನಿಯಲ್ಲಿ ಅದು ಮಾತಾಡುತ್ತದೆ. ಮಾತಾಡುವ ಕೆಲಸ ಸಿ ಭಾಷೆಯ ಹಳೆಯ ಲೈಬ್ರರಿಯದು, ಅಂದರೆ ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡಿನದು. ಅವರು ಟೈಪ್ ಮಾಡಿದ್ದನ್ನು ಅದಕ್ಕೆ ದಾಟಿಸುವ ಪುಟ್ಟ ಸ್ಕ್ರಿಪ್ಟ್ ಮಾತ್ರ ನನ್ನದು.

ಒಂದು ಬೆಳಿಗ್ಗೆ ಅವರು "ಟವೆಲ್ ಕೊಡು" ಎಂದು ಒತ್ತಿದರು. "ಕನ್ನಡಿ ತೆಗೆದುಬಿಡು" ಎಂದು ಕೇಳಿಸಿತು. ಅದೇ ದನಿ, ಅದೇ ಎಳೆತ. ಮರುದಿನ "ಫ್ಯಾನ್ ಹಾಕು" ಎಂದರೆ, "ನನ್ನ ಮುಖ ನೋಡ್ಬೇಡ" ಎಂದಿತು. ಅವರತ್ತ ತಿರುಗಿದೆ. ನಾನಲ್ಲ ಎಂಬಂತೆ ಕೈಯಾಡಿಸಿದರು. ಆಮೇಲೆ ಆ ಕೋಣೆಗೆ ಕಾಲಿಡಲೂ ಅಂಜಿಕೆಯಾಯಿತು.

ಆಫೀಸಿನ ಗೆಳತಿಗೆ ಕೋಡ್ ತೋರಿಸಿದೆ. ನೋಡಿ ನಕ್ಕಳು.

"ಅಲ್ಲ ಕಣೇ, ನೀನು ಲೈಬ್ರರಿಗೆ ಕೊಡ್ತಿರೋದು ಪಾಯಿಂಟರ್. ಅಂದ್ರೆ ಮೆಮೊರಿಯಲ್ಲಿ ಮಾತು ಇರೋ ಜಾಗದ ವಿಳಾಸ ಅಷ್ಟೇ. ಅದು ಓದೋಕೆ ಬರೋಷ್ಟರಲ್ಲಿ ನಿನ್ನ ಸ್ಕ್ರಿಪ್ಟು ಕೆಲಸ ಮುಗೀತು ಅಂತ ಜಾಗ ಖಾಲಿ ಮಾಡಿರುತ್ತೆ. ವಿಳಾಸ ಕೊಟ್ಟು ನೀನೇ ಮನೆ ಬಿಟ್ಟೋದ್ರೆ, ಬಂದೋರಿಗೆ ಬಾಗಿಲು ತೆಗೆಯೋದು ಬೇರೆ ಯಾರೋ!"

"ಯಾರು?"

"ನಿನ್ನ ಯಜಮಾನ್ರೇ ಟೈಪ್ ಮಾಡಿ ಅಳಿಸಿದ್ದು ಇರಬೇಕು. ಅಳಿಸಿದ ತಕ್ಷಣ ಅದು ಮೆಮೊರಿಯಿಂದ ಹೋಗಲ್ಲ." ಹಾಗೆನ್ನುತ್ತಲೇ ಅವಳ ನಗು ನಿಂತಿತು.

ಲೈಬ್ರರಿ ಮಾತು ಮುಗಿಸುವವರೆಗೂ ಸ್ಕ್ರಿಪ್ಟ್ ಆ ವಾಕ್ಯವನ್ನು ಕೈಬಿಡದಂತೆ ಸರಿಪಡಿಸಿದೆ. ಈಗ ಒತ್ತಿದ್ದನ್ನಷ್ಟೇ ನುಡಿಯುತ್ತದೆ.

ನಿನ್ನ ಮಕ್ಕಳಿಗೆ ಮುತ್ತು. ನಿನ್ನ ಮನೆ ಸದಾ ಗಲಗಲ ಎನ್ನುತ್ತಿರಲಿ, ತಾಯಿ.

ನಿನ್ನ ಅಕ್ಕ

ತಾ.ಕ.: ಸರಿಪಡಿಸುವ ಮುನ್ನ ಅದು ಇನ್ನೊಂದು ಮಾತು ಆಡಿತ್ತು. ಅವರು ಒತ್ತಿದ್ದು "ಕಿಟಕಿ ಹಾಕು" ಎಂದು. ಕೇಳಿಸಿದ್ದು, "ಬದುಕಿರೋದು ನಿನಗೋಸ್ಕರ ಅಷ್ಟೇ. ಸಾಕಾಗಿದೆ ಕಣೇ." ನಿನ್ನೆ ಪಕ್ಕದಲ್ಲಿ ಕೂತು ಕೇಳಿಕೊಂಡೆ, "ರೀ, ಮನಸ್ಸಲ್ಲಿರೋದು ಹೇಳಿ, ಅಳಿಸ್ಬೇಡಿ." ಪರದೆಯನ್ನು ನನಗೆ ಕಾಣದಂತೆ ತಿರುಗಿಸಿಕೊಂಡು ಬಹಳ ಹೊತ್ತು ಟೈಪ್ ಮಾಡಿದರು. ಅಳಿಸಿದರು. ಕೊನೆಗೆ ಗುಂಡಿ ಒತ್ತಿದರು. "ಊಟ ಆಯ್ತಾ?" ಎಂದಿತು, ಅವರದೇ ದನಿ.

ಗುಬ್ಬಿ, ಬೇಗ ಬಾ.