ಕೂಡುವ ಬೇರಿಂಗ್, ಕೂಗುವ ಬೇರಿಂಗ್

ಬ್ಯಾಡಗಿ
೧೨-೨-೧೯೮೯

ಮೇಡ್ಲೇರಿಯ ಜೀಪಿನ ಒಡೆಯರೂ ಸದ್ಯ ಮೌನವ್ರತಧಾರಿಗಳೂ ಆದ ನನ್ನ ಯಜಮಾನರ ಪಾದಾರವಿಂದಗಳಿಗೆ, ಅವುಗಳ ಗ್ರೀಸ್ ತೊಳೆದಾಗಿದ್ದರೆ, ನೀಲಗಂಗೆಯ ನಮಸ್ಕಾರಗಳು.

ಮೊದಲು ಕಳವಿನ ವಿಚಾರ. ಸೀಮೆಎಣ್ಣೆ ತಟ್ಟೆಯಲ್ಲಿ ನೆನೆಹಾಕಿದ್ದ ಸವೆದ ಬೇರಿಂಗ್ ಕಾಣೆಯಾಗಿದೆಯಷ್ಟೆ? ಬೆಕ್ಕು ನಿರಪರಾಧಿ. ಸಿಟ್ಟಾಗಿ ತವರಿಗೆ ಹೊರಟಾಗ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು ನಾನು. ನೀವು ಜೀಪಿನ ಕೆಳಗೆ ಮಲಗಿ ಅದಕ್ಕೆ "ತಡ್ಕೋ ನನ ರಾಜಾ" ಎನ್ನುವುದನ್ನು ನೆಂಟರ ಮುಂದೆ ಅಣಕಿಸಿದ್ದೆ. "ಹಲ್ಲು ಕಿಸಿಯೂದು ಬಿಟ್ರ ನಿನಗ ಮತ್ತೇನ್ ಬರ್ತೈತಿ?" ಎಂದು ನೀವೂ ಅವರ ಮುಂದೆಯೇ ಕೇಳಿದಿರಿ. ಸ್ಯಾಂಪಲ್ ಇಲ್ಲದೆ ಹೊಸ ಬೇರಿಂಗ್ ಸಿಗುವುದಿಲ್ಲ, ಅದಕ್ಕಾದರೂ ಬರುತ್ತೀರಿ ಎಂದುಕೊಂಡಿದ್ದೆ.

ನೀವು ಬರಲಿಲ್ಲ. ಮೆಣಸಿನಕಾಯಿ ಮಾರಲು ಇಲ್ಲಿಗೆ ಬಂದ ನಿಮ್ಮ ಗೆಳೆಯ ಲಕ್ಕಪ್ಪನವರಿಂದ ಸುದ್ದಿ ಬಂತು. ರಾಣೆಬೆನ್ನೂರಿನಿಂದ ಅಂದಾಜಿನ ಮೇಲೆ ತಂದದ್ದು ಹೊಂದಲಿಲ್ಲವಂತೆ. ನಾಲ್ಕೂ ಗಾಲಿಗೆ ಬಲ ಹಂಚುವ ಆ ಟ್ರಾನ್ಸ್‌ಫರ್ ಕೇಸ್ ಬಿಚ್ಚಿದಂತೆಯೇ ಬಿದ್ದಿದೆಯಂತೆ. ಹೊಳೆದಂಡೆಯ ಉಸುಕಿನ ದಾರಿಯ ಬಾಡಿಗೆಗಳೆಲ್ಲ ಕೈತಪ್ಪಿ, ನೀವು ಜೀಪಿನ ಪಕ್ಕದಲ್ಲೇ ಒಬ್ಬರೇ ಕುಳಿತು ಉಣ್ಣುತ್ತೀರಂತೆ. ಆ ಊಟದ ಮಾತು ಕೇಳಿದ ಮೇಲೆ ನನ್ನ ಚೇಷ್ಟೆ ನನಗೇ ರುಚಿಸಲಿಲ್ಲ.

ಆದಕಾರಣ ಶೋಧಯಾತ್ರೆಗೆ ಹೊರಟೆ. ಬೇರಿಂಗ್ ಬೇಕಾಗಿದೆ ಎಂದರೆ ಅವ್ವ ಅದನ್ನು ಅಂಚೆಚೀಟಿ ಹಚ್ಚದೆ ಕಳಿಸುವ ಬೇರಿಂಗ್ ಪತ್ರವೆಂದು ತಿಳಿದು, "ಗಂಡಗ ಬರಿಯೂ ಪತ್ರಕ್ಕ ಒಂದು ಸ್ಟ್ಯಾಂಪ್ ಹಚ್ಚಾಕ ಆಗೂದಿಲ್ಲೇನವಾ?" ಎಂದು ಬೈದಳು.

ಬ್ಯಾಡಗಿಯಲ್ಲಿ ಸಿಗಲಿಲ್ಲ. ಹಾವೇರಿಯಲ್ಲಿ ಮೊದಲು ಹೊಕ್ಕ ಅಂಗಡಿಯಲ್ಲಿ ಟ್ರ್ಯಾಕ್ಟರಿನದೊಂದನ್ನು ತೋರಿಸಿದರು. ನಮ್ಮ ಸವೆದದ್ದರ ಪಕ್ಕ ಹಿಡಿದರೆ ಕಣ್ಣಿಗೆ ಎರಡೂ ಅವಳಿಜವಳಿ. ಪಕ್ಕದ ಹಳೇ ಸಾಮಾನಿನ ಅಂಗಡಿಯ ಮಕ್ತುಮಸಾಬರು ಎರಡನ್ನೂ ಬೆರಳಲ್ಲಿ ತಿರುಗಿಸಿ ನೋಡಿ, "ಕೂಡ್ತೈತಿ ತಂಗಿ, ಆದ್ರ ಕೂಗ್ತೈತಿ. ಇದರ ರೋಲರಿನ ಓರೆ ಬ್ಯಾರೆ" ಎಂದರು.

"ನಮ್ಮ ಮನ್ಯಾಗೂ ಹಂಗ ಆಗೇತ್ರಿ" ಎಂದೆ.

ಅವರು ನಕ್ಕು, ಧೂಳಿನ ಡಬ್ಬಿಗಳನ್ನೆಲ್ಲ ಕೆಡವಿ, ಕಡೆಗೆ ಎಣ್ಣೆಕಾಗದದಿಂದ ಸರಿಯಾದ ಜೋಡಿ ಬಿಚ್ಚಿದರು: ರೋಲರ್ ಇರುವ ಒಳಭಾಗ, ಅದು ಕೂಡುವ ಹೊರಬಳೆ. "ಎರಡೂ ಹೊಸಾವ ಹಾಕಂತ ಹೇಳು. ಒಂದು ಹಳೇದು ಉಳಿಸಿದ್ರ ಅದು ಹೊಸದನ್ನೂ ತಿಂತೈತಿ." ಹೇಳಿದ್ದೇನೆ. ಕೇಳಿಸಿಕೊಳ್ಳಿ.

ಇನ್ನು ನನ್ನ ಹಲ್ಲಿನ ಬಗ್ಗೆ. ನಿಮ್ಮನ್ನು ಹಳಿಯಲು ನಕ್ಕವಳಲ್ಲ ನಾನು. ಕಬ್ಬಿಣದ ಜೊತೆ ಅಷ್ಟು ಮೆತ್ತಗೆ ಮಾತಾಡುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಕಂಡಾಗ ಎದೆ ತುಂಬಿ ಬರುತ್ತದೆ. ಬೇರೆಯವರಿಗೆ ಆಗ ಕಣ್ಣೀರು ಬರುತ್ತದಂತೆ. ನನಗೆ ನಗುವೇ ಬರುತ್ತದೆ, ಏನು ಮಾಡಲಿ? ಆದರೆ ನೆಂಟರ ಮುಂದೆ ಇನ್ನು ಅಣಕಿಸುವುದಿಲ್ಲ. ಮನೆಯೊಳಗಿನ ಅಣಕದ ಬಗ್ಗೆ ಮಾತು ಕೊಡಲಾರೆ.

ಮೆಣಸಿನಕಾಯಿ ಮಾರಿ ಮುಗಿಸಿ ಲಕ್ಕಪ್ಪನವರು ಊರಿಗೆ ಗಾಡಿ ಕಟ್ಟುತ್ತಿದ್ದಾರೆ; ಈ ಪತ್ರವನ್ನೂ ಹಳೆಯ, ಹೊಸ ಬೇರಿಂಗ್‌ಗಳ ಗಂಟನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಇಲ್ಲಿಗೆ ಮುಗಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ಇಂತಿ ನಿಮ್ಮ ಅವಿಧೇಯ,
ನೀಲಗಂಗಾ

ತಾ.ಕ.: ಹೊರಬಳೆಯನ್ನು ಇಲ್ಲೇ ಇಟ್ಟುಕೊಂಡು ನಿಮ್ಮನ್ನು ಕರೆಸಿಕೊಳ್ಳಬೇಕೆಂದು ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದೆ. ಈಗ ತೆಗೆದು, ಒರೆಸಿ, ಅದನ್ನೂ ಗಂಟಿಗೆ ಸೇರಿಸಿದ್ದೇನೆ. ಬೇರಿಂಗಿಗಾಗಿ ಬರುವುದು ಬೇಡ. ಇನ್ನು ಬ್ಯಾಡಗಿಯಲ್ಲಿ ನಿಮ್ಮದೆಂದು ಉಳಿದಿರುವುದು ನಾನೊಬ್ಬಳೇ.