ಬತ್ತಿದ್ದು ಎಂಬ ಮಾತು

ವಿಜಾಪುರ
ತಾ. ೩ ಅಕ್ಟೋಬರ್ ೧೯೪೯

ನೀರಿನ ಮೇಲೆ ಸಂಸಾರ ಹೂಡಿರುವ ನನ್ನ ಮೊಮ್ಮಗ ಸೈಫುದ್ದೀನನಿಗೆ ನಿನ್ನ ಮುತ್ಯಾ ಮಶಾಕಸಾಬನ ದುವಾ.

ಆರಾಮ ಇದ್ದೀಯಾ? ಎರಡು ಬೆರಳಿನ ತುದಿ ಚಳಿಗೆ ಕಪ್ಪಾಗಿವೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿವೆ? ಮುಟ್ಟಿದರೆ ಗೊತ್ತಾಗುತ್ತದೋ ಇಲ್ಲವೋ? ಕುಸುಬಿ ಎಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳಬೇಕಂತೆ. ಇದನ್ನು ಬರಿ ಎಂದು ನಮ್ಮ ಮುದುಕಿ, ನಿಮ್ಮ ಆಯಿ ನಜಮಾ, ಬೆಳಗಿನಿಂದ ಮೂರು ಸಲ ಹೇಳಿದಳು, ಬರೆದೆ ಬರೆದೆ ಎಂದು ನಾನು ಮೂರು ಸಲ ತಲೆಯಾಡಿಸಿದೆ, ಈಗ ಖರೇನೇ ಬರೆದೆ. ನಿಮ್ಮ ಹಡಗಿನ ಹೊಟ್ಟೆಯ ತುಂಬ ತಿಮಿಂಗಿಲದ ಎಣ್ಣೆಯೇ ಇರುತ್ತದಂತೆ, ಅದನ್ನು ಮಾತ್ರ ಹಚ್ಚಿಕೊಳ್ಳಬಾರದು ಎನ್ನುತ್ತಾಳೆ. ಯಾಕೆ ಎಂದರೆ ಹೇಳುವುದಿಲ್ಲ. ನಾನು ಇದ್ದೇನೆ. ಮೊಣಕಾಲು ಹಿಡಿದಿವೆ, ಹಲ್ಲು ನಾಲ್ಕು ಉಳಿದಿವೆ, ನಾಲಿಗೆಯೊಂದು ಹಾಗೇ ಇದೆ ಎಂಬುದು ಮನೆಯವರ ದೂರು. ಮೊನ್ನೆ ಒಂದು ಮಳೆ ಬಿತ್ತು, ತೊರವಿ ಕಡೆಯ ಹೊಲಗಳಲ್ಲಿ ಬಿಳಿಜೋಳ ಬಿತ್ತುತ್ತಿದ್ದಾರೆ.

ನಿಮ್ಮ ಹಡಗು ಮುಂದಿನ ಹಂಗಾಮಿಗೆ ಕಾದು ನಿಂತಿರುವ ದರ್ಬನ್ ಬಂದರಿನಿಂದ ನಿನ್ನ ಪತ್ರ ಇಲ್ಲಿಗೆ ಬರಲು ನಾಲ್ವತ್ತು ದಿನ ತೆಗೆದುಕೊಂಡಿತು. ಶುಕ್ರವಾರ ನಮಾಜು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಹಿಮದ ಗುಡ್ಡಗಳು ನೀರಿನ ಮೇಲೆ ತೇಲುತ್ತವೆ ಎಂದಾಗ ಎಲ್ಲರೂ ನಂಬಿದರು. ತಿಮಿಂಗಿಲ ಮೊಟ್ಟೆ ಇಡುವುದಿಲ್ಲ, ಮರಿ ಹಾಕಿ ಹಾಲು ಕುಡಿಸುತ್ತದೆ ಎಂದು ಓದಿದೆನೋ ಇಲ್ಲವೋ, ನಿಮ್ಮ ಆಯಿ ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟು, "ಮೀನಿಗಿ ಎಲ್ಲಿ ಹಾಲ್ ಇರ್ತಾವ್ರಿ, ಹುಡುಗ ಚಾಷ್ಟಿ ಮಾಡ್ಯಾನ" ಎಂದು ನಗತೊಡಗಿದಳು. ನಾನೂ ನಕ್ಕೆ. ಮುಂದಿನ ಪುಟ ಅರ್ಧ ಓದಿ ಮಡಚಿಬಿಟ್ಟೆ. ಗಂಟಲು ಒಣಗಿತು ಎಂದು ನೆವ ಹೇಳಿ ಒಳಗೆ ಹೋದೆ. ಅದಾಗಿ ಹತ್ತು ದಿನವಾಯಿತು, ಸೈಫುದ್ದೀನ. ನನಗೆ ಹೆದರಿಕೆಯಾಗಿದೆ.

ನೀನು ಬರೆದದ್ದನ್ನು ನಾನು ತಿಳಿದುಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದು. ಯುದ್ಧ ಮುಗಿದ ಮರುವರ್ಷ ಹದಿನೈದು ದೇಶಗಳು ಅಮೇರಿಕದಲ್ಲಿ ಕೂಡಿ, ಹೀಗೇ ಕೊಲ್ಲುತ್ತ ಹೋದರೆ ದಕ್ಷಿಣದ ಹಿಮದ ಸಮುದ್ರ ಬರಿದಾಗುತ್ತದೆ ಎಂದು ಕರಾರು ಮಾಡಿಕೊಂಡರು. ವರ್ಷಕ್ಕೆ ಎಲ್ಲರೂ ಸೇರಿ ಹದಿನಾರು ಸಾವಿರ, ಹೆಚ್ಚಿಗೆ ಇಲ್ಲ. ಮರಿಯನ್ನೂ ಮರಿ ಜೊತೆಗಿರುವ ತಾಯಿಯನ್ನೂ ಮುಟ್ಟಬಾರದು. ತಿಮಿಂಗಿಲಕ್ಕೆ ಇಷ್ಟು ಎಂದು ಹಡಗಿನ ಮಂದಿಗೆಲ್ಲ ಸಿಗುವ ಇನಾಮು, ಹಾಲಿದ್ದದ್ದನ್ನು ಕೊಂದರೆ ಇಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಹಡಗಿಗೆ ಸರಕಾರದ ಇನ್ಸ್‌ಪೆಕ್ಟರು. ಕೇಳಿದರೆ ಧರ್ಮದ ಮಾತು. ಆದರೆ ರಕ್ತ, ಕೊಬ್ಬಿನಿಂದ ಜಾರುವ ಆ ಹಡಗಿನ ನೆಲಕ್ಕೆ ಇನ್ಸ್‌ಪೆಕ್ಟರು ಇಳಿಯುವುದಿಲ್ಲ, ಮೇಲೆ ನಿಂತು ಪುಸ್ತಕ ಹಿಡಿದು ಕೇಳುತ್ತಾನೆ, ಕೆಳಗೆ ಹೆಣ್ಣಿನ ಕೆಚ್ಚಲು ಮುಟ್ಟಿ ನೋಡಿ ಹೇಳುವವನು ನೀನು. ಹಡಗಿನ ಬರೀ ಖಲಾಸಿಯಾದ ನಿನಗೆ ಇಷ್ಟು ದೊಡ್ಡ ಕೆಲಸ ಹೇಗೆ ಸಿಕ್ಕಿತು? ನಮ್ಮ ಮುತ್ಯಾ ನಾಲ್ವತ್ತು ವರ್ಷ ದೊಡ್ಡಿಯಲ್ಲಿ ಹಾಲಿನದೋ ಬತ್ತಿದ್ದೋ ಎಂದು ಆಡು ಖಾತ್ರಿ ಮಾಡಿದವನು, ಅವನ ಕೈಕೆಳಗೆ ಕಲಿತವನು ನಾನು ಎಂದು ಹೇಳಿಕೊಂಡೆಯಂತೆ. ಕೊಂದ ಮೇಲೆ ಹಗ್ಗ ಕಟ್ಟಿ ದಿನವಿಡೀ ಎಳೆದು ತರುವುದರಿಂದ ಕೆಚ್ಚಲು ಸಡಿಲ ಬಿದ್ದಿರುತ್ತದೆ, ಸಡಿಲವಿದ್ದರೆ ಬತ್ತಿದ್ದು ಎಂದು ಕೂಗಿ ಹೇಳುತ್ತೇನೆ, "ನೀ ಕಲಿಸಿದಂಗ, ಮುತ್ಯಾ" ಎಂದು ಬರೆದಿದ್ದೀ. ಹೋದ ಹಂಗಾಮಿನಲ್ಲಿ ಎಪ್ಪತ್ತಮೂರು ಹೆಣ್ಣು ನೋಡಿದೆ, ಒಂದಕ್ಕೂ ಹಾಲಿರಲಿಲ್ಲ ಎಂದು ಬರೆದಿದ್ದೀ. ಅದರ ಕೆಳಗೇ, ಸಣ್ಣ ಸಣ್ಣವು ಎರಡೆರಡು ದಿನ ಹಡಗಿನ ಬೆನ್ನು ಹತ್ತಿ ಬರುತ್ತವೆ, ಯಾಕೋ ತಿಳಿಯದು, ನೋಡಲು ಚೆಂದ ಎಂದು ಬರೆದಿದ್ದೀ. ಈ ವರ್ಷ ಇನ್ನೂ ನಾಲ್ಕು ಹಡಗಿನವರಿಗೆ ಇದೇ ಪರೀಕ್ಷೆಯನ್ನು ನೀನೇ ಕಲಿಸಿಕೊಡಬೇಕಂತೆ.

ಯಪ್ಪಾ, ಎಪ್ಪತ್ತಮೂರರಲ್ಲಿ ಒಂದಕ್ಕೂ ಹಾಲಿಲ್ಲದ ಹಿಂಡನ್ನು ನಾನು ನನ್ನ ಜನ್ಮದಲ್ಲಿ ಒಂದೇ ಸಲ ನೋಡಿದ್ದೇನೆ. ಯುದ್ಧದ ಕಾಲದಲ್ಲಿ ಪಲ್ಟಣಿಗೆ ಮಾಂಸ ಒದಗಿಸಲು ಮೂವರು ಖರೀದಿದಾರರು ನಮ್ಮ ಸೀಮೆಗೆ ಬಂದಿದ್ದರಲ್ಲ, ಆಗ. ನಿನಗೆ ಹದಿನೆಂಟು, ಕೆಮ್ಮಣ್ಣಿನ ಗಡಿಗೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದೆ. ಅಲ್ಲಿಯೂ ಕರಾರು ಇತ್ತು. ಗಬ್ಬದ ಆಡು, ಹಾಲಿನ ಆಡು ಒಯ್ಯಬಾರದು, ಬತ್ತಿದ್ದು ಎಂದು ನಾನು ಹೇಳಿ ಬೆನ್ನಿಗೆ ಕೆಮ್ಮಣ್ಣು ಬಳಿದರೆ ಮಾತ್ರ ಒಯ್ಯಬೇಕು. ಅಲ್ಲಿಯೂ ಎಲ್ಲರಿಗೂ ಸೇರಿ ಇಷ್ಟು ಎಂದು ಗೊತ್ತು ಮಾಡಿದ್ದರು, ಯಾರಿಗೆ ಎಷ್ಟು ಎಂದು ಮಾಡಿರಲಿಲ್ಲ. ಒಂದು ತಾಟಿನಲ್ಲಿ ಅನ್ನ ಸುರಿದು ಹತ್ತು ಮಂದಿಯನ್ನು ಕೂರಿಸಿದರೆ ಮೆಲ್ಲಗೆ ಉಣ್ಣುವವನು ಯಾರು? ಒಬ್ಬನು ಟಿಕೋಟಿಗೆ ಓಡಿದ, ಇನ್ನೊಬ್ಬನು ಬಬಲೇಶ್ವರಕ್ಕೆ, ಮತ್ತೊಬ್ಬನು ಕಳ್ಳಕವಟಗಿಗೆ. ಉಳಿದವರು ಮುಗಿಸುವುದರೊಳಗೆ ನಾನು ತುಂಬಿಕೊಳ್ಳಬೇಕು ಎಂಬ ಹಪಾಹಪಿ. ಆ ಹದಿನೈದು ದೇಶದವರು ಎಷ್ಟು ಓದಿದವರಿರಲಿ, ಹದಿನಾರು ಸಾವಿರವನ್ನು ಪಾಲು ಹಾಕದೆ ಬಿಟ್ಟಿದ್ದರೆ ಅಲ್ಲಿಯೂ ಅದೇ ಓಟ ನಡೆದಿರಬೇಕು. ಯಾವ ಹಡಗು ಮುಂದೆ ಎಂದು ಮಂದಿ ಪಂಥ ಕಟ್ಟುತ್ತಾರೆ ಎಂದು ನೀನೇ ತಮಾಷೆಯಾಗಿ ಬರೆದಿದ್ದೀ.

ಓಡುವವರಿಗೆ ಬತ್ತಿದ ಆಡು ಎಷ್ಟು ಸಿಕ್ಕಾವು? ಖರೀದಿದಾರರ ಆಳುಗಳು ನಸುಕಿನಲ್ಲೇ ಆಡುಗಳ ಹಾಲನ್ನು ಕಡೆಯ ಹನಿಯವರೆಗೆ ನೆಲಕ್ಕೆ ಹಿಂಡಿ, ಕೆಚ್ಚಲು ಸಡಿಲ ಮಾಡಿ ನನ್ನ ಮುಂದೆ ತಂದು ನಿಲ್ಲಿಸುತ್ತಿದ್ದರು. ನಾನು ಮುಟ್ಟಿ ನೋಡಿ ಬತ್ತಿದ್ದು ಎನ್ನುತ್ತಿದ್ದೆ. ಪಲ್ಟಣಿಯ ಹೆಸರು ಹೇಳಿದ ಮೇಲೆ ಕುರುಬರು ಎದುರಾಡುವಂತಿರಲಿಲ್ಲ. ಬಿಜ್ಜರಗಿಯ ಕರೆಪ್ಪನ ದೊಡ್ಡಿಯಲ್ಲಿ ನೂರಾ ನಲವತ್ತು ಆಡು ಇದ್ದವು. ತಾಯಿಗಳು ಹೋದ ಮೇಲೆ ಅವನ ಹೆಂಡತಿ ಸತ್ಯವ್ವ ಮರಿಗಳಿಗೆ ಜೋಳದ ಅಂಬಲಿಯಲ್ಲಿ ಬಟ್ಟೆ ಅದ್ದಿ ಚೀಪಿಸಿದಳು. ಒಂದೂ ಬದುಕಲಿಲ್ಲ. ಮರುವರ್ಷ ಆ ಸೀಮೆಯಲ್ಲಿ ಹುಟ್ಟಲು ಮರಿ ಇರಲಿಲ್ಲ, ಹಾಕಲು ತಾಯಿ ಇರಲಿಲ್ಲ, ಖರೀದಿದಾರರೂ ಬೇರೆ ಸೀಮೆ ನೋಡಿಕೊಂಡರು. ಈಗ ಕರೆಪ್ಪ ರಸ್ತೆಗೆ ಕಲ್ಲು ಒಡೆಯುತ್ತಾನೆ. ಹೋದ ತಿಂಗಳು ತೊರವಿ ದಾರಿಯಲ್ಲಿ ಸಿಕ್ಕ. ಸುತ್ತಿಗೆ ಕೆಳಗಿಟ್ಟು, "ಮಶಾಕಣ್ಣಾ, ಖರೇ ಹೇಳ, ನನ್ನ ಆಡು ಬತ್ತಿದ್ದವೇನು?" ಎಂದು ಕೇಳಿದ. ಸಿಟ್ಟಿಲ್ಲ, ಜಗಳವಿಲ್ಲ, ಹೊತ್ತೆಷ್ಟಾಯಿತು ಎಂದು ಕೇಳಿದ ಹಾಗೆ. "ನನಗೇನ್ ನೆನಪೈತೋ, ಏಳ್ ವರ್ಷ ಆತು" ಎಂದು ಹೇಳಿ ಬಂದುಬಿಟ್ಟೆ.

ಈಗ ಕೆಲಸದ ಮಾತು ಕೇಳು. ಸಡಿಲವಿದ್ದರೆ ಬತ್ತಿದ್ದು ಎಂಬ ಪರೀಕ್ಷೆ ಅರ್ಧ ಪರೀಕ್ಷೆ. ಇನ್ನರ್ಧವನ್ನು ನಿನಗೆ ಹೇಳಿಕೊಡಲು ಮರೆತಿದ್ದೆ, ಮುದುಕನಾದೆ ನೋಡು. ನಿಜವಾಗಿ ಬತ್ತಿದ ಕೆಚ್ಚಲು ಕೈಗೆ ಚಿಕ್ಕದಾಗಿ, ಗಟ್ಟಿಯಾಗಿ ಸಿಗುತ್ತದೆ, ಚೀಲದ ಹಾಗೆ ಜೋಲುವುದಿಲ್ಲ. ಜೋತುಬಿದ್ದದ್ದು ಬತ್ತಿದ್ದಲ್ಲ, ಬರಿದು ಮಾಡಿದ್ದು. ಕೈ ಒದ್ದೆ ಮಾಡಿಕೊಂಡು ಬುಡದಿಂದ ಎರಡನೆಯ ಸಲ ಎಳೆದರೆ ತೊಟ್ಟಿನ ತುದಿಗೆ ಒಂದು ಹನಿಯಾದರೂ ಬಂದೇ ಬರುತ್ತದೆ. ನಿನ್ನ ತಿಮಿಂಗಿಲದ ತೊಟ್ಟು ಎಲ್ಲಿದೆಯೋ ಎಷ್ಟಿದೆಯೋ ನಾನು ಕಂಡಿಲ್ಲ, ಆದರೆ ಚಾಕು ಹಾಕಿದ ಕಡೆ ಬೆಳ್ಳಗೆ ಏನಾದರೂ ಜಿನುಗಿದರೆ ಅದು ಹಾಲೇ. ಮತ್ತೆ, ಹಡಗಿನ ಬೆನ್ನು ಹತ್ತಿ ಬರುವ ಆ ಸಣ್ಣವು ಆಟಕ್ಕೆ ಬರುತ್ತಿಲ್ಲ, ಮಗನೇ. ನಮ್ಮ ದೊಡ್ಡಿಯ ಬಾಗಿಲಲ್ಲಿ ಆಡಿನ ಮರಿಗಳು ಎರಡು ದಿನ ಕೂಗುತ್ತಿದ್ದವು, ಮೂರನೆಯ ದಿನ ಕೂಗುತ್ತಿರಲಿಲ್ಲ.

ಇನ್ನೇನು ಬರೆಯಲಿ. ನಿಮ್ಮ ಆಯಿ ಉಣ್ಣೆಯ ಕುಲಾವಿ ಹೆಣೆಯುತ್ತಿದ್ದಾಳೆ, ಅಳತೆ ಗೊತ್ತಿಲ್ಲದೆ ನನ್ನ ತಲೆಗೆ ಹಾಕಿ ಹಾಕಿ ನೋಡುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಐದು ಹೊತ್ತಿನ ನಮಾಜು ಬಿಡಬೇಡ, ದಿಕ್ಕು ತಿಳಿಯದಿದ್ದರೆ ಸೂರ್ಯನನ್ನು ನೋಡಿ ಅಂದಾಜು ಮಾಡಿಕೋ. ಹಿಮದ ಗುಡ್ಡದ ಹತ್ತಿರ ಹಡಗು ಹೋದಾಗ ಅಂಚಿಗೆ ನಿಲ್ಲಬೇಡ. ಅಲ್ಲಾಹನು ನಿನ್ನನ್ನು ನೀರಿನಿಂದಲೂ ನೀರಿನ ಮೇಲಿನ ಮನುಷ್ಯರಿಂದಲೂ ಕಾಪಾಡಲಿ. ಮನೆಮಂದಿಯೆಲ್ಲ ನಿನ್ನನ್ನು ನೆನೆಯುತ್ತಾರೆ.

ನಿನ್ನ ಮುತ್ಯಾ
ಮಶಾಕಸಾಬ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದಿದ್ದೇನೆ. ಮರೆತಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಆಡುಗಳನ್ನು ಹಿಂಡಿ ತರುತ್ತಾರೆಂದು ನನಗೆ ಮೊದಲ ದಿನದಿಂದ ಗೊತ್ತಿತ್ತು, ಹಿಂಡಿಕೊಂಡು ಬನ್ನಿ ಎಂದು ಹೇಳಿದವನೇ ನಾನು. ಸಡಿಲವಿದ್ದರೆ ಬತ್ತಿದ್ದು ಎಂಬ ಪರೀಕ್ಷೆ ನಮ್ಮ ಹಿರಿಯರದಲ್ಲ, ಆ ವರ್ಷ ನಾನು ಹುಟ್ಟಿಸಿದ್ದು. ನೀನು ಪಕ್ಕದಲ್ಲಿ ನಿಂತು ಅದನ್ನೇ ವಿದ್ಯೆ ಎಂದು ಕಲಿತೆ, ನಾನು ತಿದ್ದಲಿಲ್ಲ. ಯಾರಿಗೂ ಅದನ್ನು ಕಲಿಸಬೇಡ. ಈ ಪತ್ರವನ್ನು ಇನ್ಸ್‌ಪೆಕ್ಟರನಿಗೆ ಓದಿ ಹೇಳು, ಎಪ್ಪತ್ತಮೂರನ್ನೂ ಪುಸ್ತಕದಲ್ಲಿ ಹೊಡೆದು ಹಾಕಲಿ, ತಪ್ಪು ಯಾರದೆಂದರೆ ನನ್ನ ಹೆಸರು, ಊರು ಕೊಡು. ಆದರೆ ಒಂದು ಮಾತು, ಸೈಫುದ್ದೀನ: ದಡದಲ್ಲಿ ನಿಂತು ಹೇಳು. ಹಡಗು ಹೊರಟ ಮೇಲೆ ಬಾಯಿ ಬಿಡಬೇಡ. ಇನಾಮು ಕಳೆದುಕೊಳ್ಳುವವರು ನಾಲ್ಕುನೂರು ಮಂದಿ, ನೀನು ಒಬ್ಬ, ಸುತ್ತಲೂ ಆ ನೀರು. ಈಗ ಟಪಾಲು ಕಚೇರಿಗೆ ಹೋಗಿ ಕೇಳಿದೆ, ಇದು ನಿನ್ನ ಕೈಗೆ ಸಿಗಲು ನವೆಂಬರ್ ಅರ್ಧ ಆಗುತ್ತದಂತೆ. ನೀವು ಯಾವ ತಾರೀಖಿಗೆ ಹೊರಡುತ್ತೀರಿ ಎಂದು ನಿನ್ನ ಪತ್ರದಲ್ಲಿ ಹುಡುಕಿದೆ, ಬರೆದಿಲ್ಲ.